ಎರಡು ಬ್ಯಾಗು, ಒಂದು ರಸ್ತೆ

ಡಿಸೆಂಬರ್ ಮೂರನೇ ವಾರ ಬಂತು ಅಂದ್ರೆ ನಮ್ಮ ಆಫೀಸಿನಲ್ಲಿ ಕೋಡ್ ಫ್ರೀಜ್. ಅಂದರೆ ಹೊಸ ವರ್ಷದ ತನಕ ಯಾರೂ ಹೊಸದಾಗಿ ಏನನ್ನೂ ಲೈವ್ ಮಾಡುವ ಹಾಗಿಲ್ಲ. ಅಮೆರಿಕದ ಕ್ಲೈಂಟ್‌ಗಳು ರಜೆ ಹಾಕಿರುತ್ತಾರೆ, ಆ ಪುಣ್ಯದಲ್ಲಿ ನಾವೂ ಉಸಿರಾಡುತ್ತೇವೆ. ಆಗ ಕ್ಯಾಂಟೀನಿನಲ್ಲಿ ಒಂದೇ ಪ್ರಶ್ನೆ: 'ಎಲ್ಲಿಗೆ ಪ್ಲಾನು?' ಬಾಲಿ, ಫುಕೆಟ್, ವಿಯೆಟ್ನಾಂ ಅಂತೆಲ್ಲ ಉತ್ತರ ಬರುತ್ತಿದ್ದಾಗ ನಾನು 'ಅಂಡಮಾನ್' ಅಂದೆ.

'ಓ, ಪ್ಯಾಕೇಜಾ? ಐದು ರಾತ್ರಿ ಆರು ಹಗಲು?'

'ಇಲ್ಲ, ಹದಿನೇಳು ದಿನ. ಬ್ಯಾಗು ಬೆನ್ನಿಗೆ ಹಾಕ್ಕೊಂಡು.'

ಎದುರಿಗಿದ್ದವಳು ಚಮಚ ಕೆಳಗಿಟ್ಟು, 'ಗಂಡನ ಜೊತೇನಾ? ಹದಿನೇಳು ದಿನ?' ಅಂದಳು. ಅವಳಿಗೆ ಅಂಡಮಾನ್ ವಿಷಯ ಅಲ್ಲ, ಹದಿನೇಳು ದಿನಗಳೇ ವಿಷಯ.

ಅವಳು ಹೇಳಿದ್ದರಲ್ಲೂ ಅರ್ಥ ಇತ್ತು ಬಿಡಿ. ಮದುವೆಯಾಗಿ ಮೂರು ವರ್ಷ. ಮಾರತ್ತಹಳ್ಳಿಯ ಎರಡು ಬೆಡ್‌ರೂಮಿನ ಮನೆಯಲ್ಲಿ ಒಂದೊಂದು ರೂಮಿನಲ್ಲಿ ಒಂದೊಂದು ಮಾನಿಟರು. ಮಧ್ಯಾಹ್ನ ಊಟಕ್ಕೆ ಕರೆಯೋದೂ ಮೆಸೇಜಿನಲ್ಲೇ. ಏನು ತಿನ್ನಬೇಕು ಅನ್ನೋದನ್ನ ಒಂದು ಆ್ಯಪ್ ಹೇಳುತ್ತೆ, ಏನು ನೋಡಬೇಕು ಅನ್ನೋದನ್ನ ಇನ್ನೊಂದು. ನಾವಿಬ್ಬರೂ ಎದುರುಬದುರು ಕೂತು, ಜಗಳ ಆಡಿ, ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದು ಕೊನೆಯ ಸಲ ಯಾವಾಗ ಅಂತ ಯೋಚಿಸಿದರೆ, ಅದು ವಾಷಿಂಗ್ ಮಷೀನ್ ಫ್ರಂಟ್ ಲೋಡೋ ಟಾಪ್ ಲೋಡೋ ಅನ್ನೋ ವಿಚಾರಕ್ಕೆ.

ಹಾಗಾಗಿ ಪ್ಯಾಕೇಜ್ ಬೇಡ ಅಂತ ಇಬ್ಬರೂ ಒಪ್ಪಿದ್ವಿ. ತಲಾ ಒಂಬತ್ತು ಕೆ.ಜಿ. ಬ್ಯಾಗು, ಇಬ್ಬರಿಗೂ ಒಂದೇ ಚಾರ್ಜರು, ಒಂದು ಡಬ್ಬಿ ಪುಳಿಯೋಗರೆ ಗೊಜ್ಜು. ಗೊಜ್ಜು ಇವನದು. ಇವನು ಮೀನು ಮುಟ್ಟಲ್ಲ, ಬಂಗಾಳಿಗಳು ನೆಲೆಸಿರುವ ದ್ವೀಪಕ್ಕೆ ಹೊರಟಿದ್ದ!

ಮುಂದಿನ ಕತೆ ಅರ್ಥ ಆಗಬೇಕಾದರೆ ಮೊದಲು ಮ್ಯಾಪು ನೋಡಬೇಕು. ಅಂಡಮಾನ್ ನಿಕೋಬಾರ್ ಅಂದರೆ ಎಂಟುನೂರಕ್ಕೂ ಹೆಚ್ಚು ದ್ವೀಪ, ನಡುಗಡ್ಡೆ, ಬಂಡೆಗಳ ಗುಂಪು. ಜನ ಇರೋದು ಮೂವತ್ತರ ಆಸುಪಾಸಿನ ದ್ವೀಪಗಳಲ್ಲಿ ಮಾತ್ರ. ಪೋರ್ಟ್ ಬ್ಲೇರ್ ದಕ್ಷಿಣದಲ್ಲಿದೆ. 2024ರಲ್ಲಿ ಇದಕ್ಕೆ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದ್ದಾರೆ, ಆದರೆ ಆಟೋದವರ ಬಾಯಲ್ಲಿ ಇನ್ನೂ ಪೋರ್ಟ್ ಬ್ಲೇರೇ. ಎಲ್ಲರೂ ಹೋಗುವ ಹ್ಯಾವ್‌ಲಾಕ್, ನೀಲ್ ದ್ವೀಪಗಳು ಅಲ್ಲಿಂದ ಹಡಗಿನಲ್ಲಿ ಎರಡು ಗಂಟೆ ದೂರ. ಅದರಾಚೆ ಉತ್ತರಕ್ಕೆ ರಂಗತ್, ಮಾಯಾಬಂದರ್, ಕೊನೆಗೆ ದಿಗ್ಲಿಪುರ. ಪ್ಯಾಕೇಜಿನವರು ಅಷ್ಟು ದೂರ ಹೋಗೋದು ಕಡಿಮೆ. ನಮಗೆ ಬೇಕಿದ್ದೂ ಅದೇ.

ಪೋರ್ಟ್ ಬ್ಲೇರಿನಿಂದ ದಿಗ್ಲಿಪುರಕ್ಕೆ ಒಂದು ಹೆದ್ದಾರಿ ಇದೆ, ಅಂಡಮಾನ್ ಟ್ರಂಕ್ ರೋಡ್. ಬೆಳಗಿನ ಜಾವ ಬಸ್ಸು ಹತ್ತಿದರೆ ಸಂಜೆಗೆ ಮುಟ್ಟಬಹುದು. ಇವನ ಎಕ್ಸೆಲ್ ಶೀಟಿನಲ್ಲಿ ಹಸಿರು ಬಣ್ಣದಲ್ಲಿ ಇದ್ದಿದ್ದೂ ಅದೇ: ರಸ್ತೆಯಲ್ಲಿ ಹೋಗೋದು, ದಾರಿಯಲ್ಲಿ ಬಾರಾಟಾಂಗ್‌ನ ಸುಣ್ಣದಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ ನೋಡೋದು. ಇವನು ಟೆಸ್ಟಿಂಗ್ ಲೀಡ್. ಎಲ್ಲೆಲ್ಲಿ ಏನೇನು ಕೆಡಬಹುದು ಅಂತ ಯೋಚಿಸೋದಕ್ಕೇ ಸಂಬಳ ಬರೋದು. ಆ ಶೀಟಿನಲ್ಲಿ ಮಳೆ ಬಂದರೆ ಏನು, ಹಡಗು ರದ್ದಾದರೆ ಏನು, ಎಲ್ಲ ಇತ್ತು. ನಾನು ತಕರಾರು ತೆಗೆದರೆ ಏನು ಅನ್ನೋದು ಮಾತ್ರ ಇರಲಿಲ್ಲ.

ಮೊದಲ ದಿನ ಸೆಲ್ಯುಲಾರ್ ಜೈಲು ನೋಡಿದ್ವಿ. 1906ರಲ್ಲಿ ಕಟ್ಟಿ ಮುಗಿಸಿದ್ದು. ಏಳು ಸಾಲುಗಳಲ್ಲಿ ಈಗ ಉಳಿದಿರೋದು ಮೂರು. ಒಂದು ಸಾಲಿನ ಕೋಣೆಗಳ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ತೆರೆಯುತ್ತೆ, ಯಾರಿಗೂ ಯಾರ ಮುಖವೂ ಕಾಣಬಾರದು ಅಂತ. ಶಾಲೆಯಲ್ಲಿ ಕರಿನೀರಿನ ಶಿಕ್ಷೆ ಅಂತ ಓದಿದಾಗ ಸಮುದ್ರವೇ ಶಿಕ್ಷೆ ಅಂದುಕೊಂಡಿದ್ದೆ. ಅಲ್ಲಿ ನಿಂತಾಗ ಶಿಕ್ಷೆ ಆ ನಕಾಶೆಯಲ್ಲೇ ಇದೆ ಅನ್ನಿಸಿತು. ಈ ಜೈಲಿನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಸಂಜೆ ಐದೂಕಾಲಿಗೆಲ್ಲ ಕತ್ತಲು. ದೇಶದ ಗಡಿಯಾರ ಒಂದೇ ಆದರೂ ಸೂರ್ಯನಿಗೆ ಅದು ಗೊತ್ತಿಲ್ಲವಲ್ಲ. ಲಾಡ್ಜ್ ಪಕ್ಕದ ಏಜೆಂಟ್ ಅಂಗಡಿಗೆ ಬಸ್ಸಿನ ವಿಚಾರ ಕೇಳೋಕೆ ಹೋದ್ವಿ. ಅವನು ಬಸ್ಸು ಬಿಟ್ಟು ಬಾರಾಟಾಂಗ್ ಡೇ ಟ್ರಿಪ್ ಮಾರೋಕೆ ಶುರು ಮಾಡಿದ. ರಾತ್ರಿ ಮೂರಕ್ಕೆ ಗಾಡಿ, ಗುಹೆ, ಮ್ಯಾಂಗ್ರೋವ್ ಒಳಗೆ ಸ್ಪೀಡ್ ಬೋಟ್. ಆಮೇಲೆ ದನಿ ತಗ್ಗಿಸಿ, 'ಲಕ್ ಇದ್ದರೆ ಜರಾವಾ ಕೂಡ ಕಾಣ್ತಾರೆ' ಅಂದ. ನಾಗರಹೊಳೆ ಸಫಾರಿಯವರು ಹುಲಿ ಬಗ್ಗೆ ಹೇಳುತ್ತಾರಲ್ಲ, ಅದೇ ದನಿ.

ನಾನು ಹೊರಗೆ ಬಂದು ಇವನಿಗೆ ಹೇಳಿದೆ: 'ನಾನು ಆ ರಸ್ತೇಲಿ ಬರಲ್ಲ.'

ಈ ರಸ್ತೆಯ ಕತೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಜಿರ್ಕಾಟಾಂಗ್ ಅನ್ನೋ ಚೆಕ್‌ಪೋಸ್ಟಿನಿಂದ ಮಿಡಲ್ ಸ್ಟ್ರೇಟ್ ತನಕ ಸುಮಾರು 50 ಕಿಲೋಮೀಟರು ಇದು ಜರಾವಾ ಜನರ ಮೀಸಲು ಕಾಡಿನ ಮಧ್ಯೆ ಹಾದುಹೋಗುತ್ತೆ. 2011ರ ಜನಗಣತಿಯಲ್ಲಿ ಅವರ ಸಂಖ್ಯೆ 380. ನಮ್ಮ ಅಪಾರ್ಟ್‌ಮೆಂಟಿನ ಎರಡು ಬ್ಲಾಕಿನಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದೇವೆ. 1990ರ ದಶಕದ ಕೊನೆಯ ತನಕ ಅವರು ಹೊರಗಿನವರನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ. ಬಿಟ್ಟುಕೊಂಡ ಸ್ವಲ್ಪ ದಿನಕ್ಕೇ, 1999ರಲ್ಲಿ ಒಮ್ಮೆ, 2006ರಲ್ಲಿ ಮತ್ತೊಮ್ಮೆ ದಡಾರ ಹರಡಿತು. ನಮಗೆ ಚಿಕ್ಕಂದಿನಲ್ಲಿ ಬೇವಿನ ಸೊಪ್ಪು ಹಾಸಿ ಮಲಗಿಸಿ 'ಅಮ್ಮ ಬಂದಿದ್ದಾಳೆ' ಅಂತ ಮುಗಿಸುತ್ತಿದ್ದ ಕಾಯಿಲೆ, ಅದನ್ನ ಎಂದೂ ಕಾಣದ ಜನಕ್ಕೆ ಬೇರೆಯೇ ಆಗಿರುತ್ತೆ.

2002ರಲ್ಲಿ ಸುಪ್ರೀಂ ಕೋರ್ಟ್, ಮೀಸಲು ಕಾಡಿನೊಳಗಿನ ರಸ್ತೆಯನ್ನು ಮುಚ್ಚಬೇಕು ಅಂತ ಆದೇಶ ಮಾಡಿತು. ಮುಚ್ಚಲಿಲ್ಲ. 2012ರಲ್ಲಿ ಪ್ರವಾಸಿಗರ ಮುಂದೆ ಜರಾವಾ ಹೆಣ್ಣುಮಕ್ಕಳನ್ನು ಕುಣಿಸುವ ವಿಡಿಯೊ ಹೊರಬಂದು ದೇಶವೆಲ್ಲ ಛೀ ಅಂದಿತು. 2013ರ ಆರಂಭದಲ್ಲಿ ಕೆಲವು ವಾರ ಪ್ರವಾಸಿಗರಿಗೆ ಈ ರಸ್ತೆ ಬಂದ್ ಆಗಿ, ಮತ್ತೆ ತೆರೆಯಿತು. ಈಗ ಪೊಲೀಸ್ ಬೆಂಗಾವಲಿನಲ್ಲಿ ಸಾಲಾಗಿ ವಾಹನ ಬಿಡುತ್ತಾರೆ. ನಿಲ್ಲಿಸುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ. ನಿಯಮ ಚೆನ್ನಾಗಿದೆ. ಆದರೆ ಏಜೆಂಟಿನ ಆ ತಗ್ಗಿಸಿದ ದನಿಗೆ ಯಾವ ನಿಯಮ ಇದೆ?

ಇವನ ವಾದ ಸುಲಭದ್ದಲ್ಲ, ಅದನ್ನೂ ಹೇಳಬೇಕು. 'ನಾನು ಅವರನ್ನ ನೋಡೋಕೆ ಹೋಗ್ತಿಲ್ಲ, ಗುಹೆ ನೋಡೋಕೆ ಹೋಗ್ತಿರೋದು. ರಸ್ತೆ ಇದೆ, ದಿನಾ ಸರಕಾರಿ ಬಸ್ಸು ಓಡುತ್ತೆ. ನಾವಿಬ್ಬರು ಹೋಗದೇ ಇದ್ದರೆ ಯಾವ ಬಸ್ಸು ನಿಲ್ಲುತ್ತೆ?' ಅಂದ. ನಾನು, ರಂಗತ್‌ನವರಿಗೆ ಆ ರಸ್ತೆ ಬೇಕು, ನಮಗೆ ಬೇಕಿರೋದು ಗುಹೆ, ಎರಡೂ ಒಂದೇ ಅಲ್ಲ ಅಂದೆ. ಅದಕ್ಕೆ ಇವನು, 'ಹಾಗಾದ್ರೆ ಎರಡೂವರೆ ಗಂಟೆ ವಿಮಾನದಲ್ಲಿ ಹೊಗೆ ಬಿಟ್ಕೊಂಡು ಬಂದಿದ್ದು? ಅದು ಯಾರಿಗೆ ಬೇಕಿತ್ತು?' ಅಂದ.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದರೆ ಒಂದು ಪ್ರಶ್ನೆಗೆ ಉತ್ತರ ಇಲ್ಲ ಅಂದ ತಕ್ಷಣ ಇನ್ನೊಂದರ ಉತ್ತರವನ್ನೂ ಬಿಟ್ಟುಕೊಡಬೇಕು ಅಂತ ಏನಿಲ್ಲವಲ್ಲ.

ಆ ರಾತ್ರಿ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಮನೆಯಲ್ಲಾದರೆ ಇವನು ಆ ರೂಮು, ನಾನು ಈ ರೂಮು. ಲಾಡ್ಜಿನಲ್ಲಿ ಇರೋದು ಒಂದೇ ರೂಮು, ಒಂದೇ ಚಾರ್ಜರು. ಹತ್ತೂವರೆಗೆ ಇವನ ಫೋನು ಎಂಟು ಪರ್ಸೆಂಟಿಗೆ ಬಂತು. ನನ್ನದು ಚಾರ್ಜಿಗಿತ್ತು. ಕೇಳಲೇಬೇಕಾಯಿತು. ಕೇಳಿದ. ಮಾತು ಶುರುವಾಯಿತು.

ನಾನು ಬೋ ಭಾಷೆಯ ಕತೆ ಹೇಳಿದೆ. ಬ್ರಿಟಿಷರು 1858ರಲ್ಲಿ ಇಲ್ಲಿ ಕೈದಿಗಳ ವಸಾಹತು ಶುರು ಮಾಡಿದಾಗ ಗ್ರೇಟ್ ಅಂಡಮಾನೀಸ್ ಅನ್ನೋ ಜನ ಸಾವಿರಾರು ಸಂಖ್ಯೆಯಲ್ಲಿದ್ದರು. ಕಾಯಿಲೆ, ಕುಡಿತ, ಬಂದೂಕು, ಎಲ್ಲ ಸೇರಿ ಬೆರಳೆಣಿಕೆಯ ಕುಟುಂಬಗಳಿಗೆ ಇಳಿದರು. ಅವರ ಭಾಷೆಗಳಲ್ಲಿ ಒಂದು ಬೋ. ಅದನ್ನು ಬಲ್ಲ ಕೊನೆಯ ಹೆಂಗಸು ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರಿಗೆ ಆ ಭಾಷೆಯಲ್ಲಿ ಮಾತಾಡೋಕೆ ಜೊತೆಗೆ ಒಬ್ಬರೂ ಇರಲಿಲ್ಲ. ನಾವು ನವೆಂಬರ್ ಬಂದರೆ ಕನ್ನಡ ಉಳಿಸಿ ಅಂತ ಸ್ಟೇಟಸ್ ಹಾಕುವವರು, ಆರು ಕೋಟಿ ಜನ ಇದ್ದೂ ಗಾಬರಿಯಾಗುವವರು. ಇವನು ಸುಮಾರು ಹೊತ್ತು ಸುಮ್ಮನಿದ್ದ. ನನ್ನ ಮಾತನ್ನು ಒಪ್ಪಿದ ಅಂತ ತಿಳಿಯಬೇಡಿ. ಮ್ಯಾಪು ತೆಗೆದ, ಅಷ್ಟೇ.

ಉತ್ತರಕ್ಕೆ ಹೋಗಲು ಇನ್ನೊಂದು ದಾರಿ ಇತ್ತು. ಹ್ಯಾವ್‌ಲಾಕ್‌ನಿಂದ ಲಾಂಗ್ ಐಲ್ಯಾಂಡ್ ಮೇಲೆ ರಂಗತ್‌ಗೆ ಸರಕಾರಿ ದೋಣಿ, ವಾರದಲ್ಲಿ ಕೆಲವೇ ದಿನ. ರಂಗತ್‌ನಿಂದ ಮೇಲಕ್ಕೆ ಅದೇ ಹೆದ್ದಾರಿಯಲ್ಲಿ ಬಸ್ಸು, ಆದರೆ ಅಷ್ಟರಲ್ಲಿ ಜರಾವಾ ಕಾಡು ದಕ್ಷಿಣಕ್ಕೆ ಉಳಿದಿರುತ್ತೆ. ಹೀಗೆ ಹೋಗಿ ಹೀಗೇ ಬಂದರೆ ಮೂರು ನಾಲ್ಕು ದಿನ ಜಾಸ್ತಿ ಬೇಕು. ಆ ದಿನಗಳನ್ನು ಎಲ್ಲಿಂದ ತರೋದು? ಹ್ಯಾವ್‌ಲಾಕ್‌ನಲ್ಲಿ ನನ್ನ ಡೈವಿಂಗ್ ಕೋರ್ಸಿಗೆ ನಾಲ್ಕು ದಿನ ಇಟ್ಟಿತ್ತು. ಎರಡು ವರ್ಷದಿಂದ ಕನಸು ಕಂಡಿದ್ದು, ಅದಕ್ಕೆ ಅಂತಲೇ ಈಜು ಕಲಿತಿದ್ದು. ಇವನು ಶೀಟಿನಲ್ಲಿ ಆ ನಾಲ್ಕು ಸೆಲ್ ತೋರಿಸಿ, ಬಾಯಲ್ಲಿ ಏನೂ ಹೇಳದೆ ಫೋನನ್ನು ನನ್ನ ಕಡೆ ತಿರುಗಿಸಿದ.

ತತ್ವ ನಿಂದಾದರೆ ಬಿಲ್ಲೂ ನಿಂದೇ, ಅಂದಹಾಗೆ. ಡಿಲೀಟ್ ಮಾಡಿದೆ. ಇವನು ಗುಹೆಯ ಸಾಲು ಡಿಲೀಟ್ ಮಾಡಿದ. ನಮ್ಮ ಮದುವೆಯಲ್ಲಿ ಇಷ್ಟು ನ್ಯಾಯವಾದ ವ್ಯವಹಾರ ಇನ್ನೊಂದು ಆಗಿಲ್ಲ.

ಹ್ಯಾವ್‌ಲಾಕ್ ಬಗ್ಗೆ ಜಾಸ್ತಿ ಬರೆಯಲ್ಲ, ನಿಮ್ಮ ಇನ್‌ಸ್ಟಾಗ್ರಾಂನಲ್ಲಿ ಈಗಾಗಲೇ ನೂರು ರೀಲ್ ಬಂದಿರುತ್ತೆ. ರಾಧಾನಗರ ಬೀಚನ್ನು ಟೈಮ್ ಪತ್ರಿಕೆ 2004ರಲ್ಲಿ ಏಷ್ಯಾದಲ್ಲೇ ಚೆಂದದ್ದು ಅಂತ ಹೊಗಳಿದ್ದು ಸುಳ್ಳಲ್ಲ. ನನಗೆ ಇಷ್ಟ ಆಗಿದ್ದು ಹೆಸರುಗಳು. ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ನೆಲೆಸಿದ ಊರುಗಳಿವು. ಹ್ಯಾವ್‌ಲಾಕ್‌ನಲ್ಲಿ ಗೋವಿಂದನಗರ, ಕೃಷ್ಣನಗರ, ರಾಧಾನಗರ, ಶ್ಯಾಮನಗರ. ನೀಲ್‌ನಲ್ಲಿ ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ. ಒಂದು ದ್ವೀಪ ಭಾಗವತ, ಇನ್ನೊಂದು ರಾಮಾಯಣ! ದ್ವೀಪಗಳಿಗಿದ್ದ ಹೆಸರು ಮಾತ್ರ 1857ರ ದಂಗೆಯನ್ನು ತುಳಿದ ಬ್ರಿಟಿಷ್ ಸೇನಾಧಿಕಾರಿಗಳದ್ದು. 2018ರ ಡಿಸೆಂಬರ್‌ನಲ್ಲಿ ಅವನ್ನು ಸ್ವರಾಜ್ ದ್ವೀಪ, ಶಹೀದ್ ದ್ವೀಪ ಅಂತ ಬದಲಿಸಿದರು.

ಡೈವಿಂಗ್ ಸೆಂಟರಿನ ಮುಂದೆ ದಿನಕ್ಕೆ ಎರಡು ಸಲ ಹಾದುಹೋಗಬೇಕಿತ್ತು. ಒದ್ದೆ ಸೂಟುಗಳನ್ನು ಒಣಹಾಕಿರುತ್ತಿದ್ದರು. ನಾನು ಆ ಕಡೆ ನೋಡುತ್ತಿರಲಿಲ್ಲ. ಇವನು ನೋಡುತ್ತಿದ್ದ, ನನ್ನನ್ನ.

ನೀಲ್‌ನಲ್ಲಿದ್ದಾಗ ಡಿಸೆಂಬರ್ 26 ಬಂತು. ನಮಗೆ ಅದು ಕ್ರಿಸ್ಮಸ್ ಮಾರನೇ ದಿನ. ಅವರಿಗೆ ಅದು 2004ರ ಸುನಾಮಿ ದಿನ. ಭರತಪುರ ಬೀಚಿನ ಹತ್ತಿರ ಎಳನೀರು ಮಾರುವವರು, ನಮ್ಮದೇ ವಯಸ್ಸಿಗಿಂತ ಸ್ವಲ್ಪ ದೊಡ್ಡವರು, ಆವತ್ತು ವ್ಯಾಪಾರದ ಮಧ್ಯೆ ತಾವಾಗಿ ಹೇಳಿದರು. ಬೆಳಗ್ಗೆ ಆರೂವರೆಗೆ ನೆಲ ಅಲ್ಲಾಡಿತು. ಆಮೇಲೆ ಸಮುದ್ರ ಹಿಂದೆ ಹೋಯಿತು, ಹುಡುಗರೆಲ್ಲ ಮೀನು ಹೆಕ್ಕೋಕೆ ಅಂತ ಇಳಿಯೋಕೆ ಹೊರಟರು, ಅವರ ತಾಯಿ ಕೂದಲು ಹಿಡಿದು ಎಳೆದುಕೊಂಡು ಬಂದರಂತೆ. 'ಅಮ್ಮನಿಗೆ ಸುನಾಮಿ ಅಂದ್ರೆ ಏನು ಅಂತ ಗೊತ್ತಿರಲಿಲ್ಲ. ಇಲ್ಲದ ನೀರು ಬರುತ್ತೆ, ಇದ್ದ ನೀರು ಹೋಗಬಾರದು ಅಂತ ಅಷ್ಟೇ ಗೊತ್ತಿತ್ತು' ಅಂದರು. ಹಿಂದಿಯಲ್ಲಿ ಹೇಳಿದ್ದು, ನನಗೆ ತಿಳಿದ ಹಾಗೆ ಬರೆದಿದ್ದೇನೆ.

ಆ ಭೂಕಂಪ ದ್ವೀಪಗಳನ್ನೇ ವಾಲಿಸಿಬಿಟ್ಟಿತು. ಉತ್ತರ ಅಂಡಮಾನಿನಲ್ಲಿ ಕರಾವಳಿ ಮೇಲಕ್ಕೆದ್ದು ಹವಳದ ದಿಬ್ಬಗಳು ನೀರಿನಿಂದ ಹೊರಬಂದು ಸತ್ತವು. ಪೋರ್ಟ್ ಬ್ಲೇರ್ ಕಡೆ ನೆಲ ಸುಮಾರು ಒಂದು ಮೀಟರ್ ಕುಸಿದು, ಸಿಪ್ಪಿಘಾಟ್‌ನ ಗದ್ದೆಗಳಿಗೆ ನುಗ್ಗಿದ ಉಪ್ಪುನೀರು ವಾಪಸ್ ಹೋಗಲಿಲ್ಲ. ನಿಕೋಬಾರಿನಲ್ಲಿ ಸತ್ತವರೇ ಸಾವಿರಾರು. ಎಳನೀರಿನವರು ನಮ್ಮಿಂದ ಆವತ್ತು ದುಡ್ಡು ತೆಗೆದುಕೊಂಡರು, ಆದರೆ ಗಂಜಿ ಕೆರೆಯೋಕೆ ಚಮಚ ಕೊಟ್ಟು ಕೂತುಕೊಳ್ಳಿ ಅಂದರು. ಕೂತ್ವಿ. ಬೀಚಿನಲ್ಲಿ ಒಬ್ಬ ಹುಡುಗ ನೀರಿಳಿದ ಹವಳದ ಮೇಲೆ ಚಪ್ಪಲಿ ಹಾಕಿಕೊಂಡು ಸೆಲ್ಫಿ ತೆಗೆಯುತ್ತಿದ್ದ. ಇವನು ಎದ್ದು ಹೋಗಿ ಏನೋ ಹೇಳಿ ಬಂದ. ಏನು ಹೇಳಿದ ಅಂತ ನಾನು ಕೇಳಲಿಲ್ಲ. ಗುಹೆ ಬಿಟ್ಟಮೇಲೆ ಇವನಿಗೂ ಒಂದು ತತ್ವ ಬೇಕಲ್ಲ.

ಲಾಂಗ್ ಐಲ್ಯಾಂಡಿಗೆ ಹೋಗುವ ದೋಣಿಯಲ್ಲಿ ಪ್ರವಾಸಿಗರು ನಾವಿಬ್ಬರು ಮತ್ತು ಒಬ್ಬ ವಯಸ್ಸಾದ ವಿದೇಶಿ. ಉಳಿದವರೆಲ್ಲ ಊರಿನವರು. ಅಕ್ಕಿ ಮೂಟೆ, ಸಿಲಿಂಡರು, ಪಂಜರದಲ್ಲಿ ಕೋಳಿಮರಿ, ಒಬ್ಬರ ತೊಡೆಮೇಲೆ ಹೊಸ ಮಿಕ್ಸಿ. ನಾವು ಬ್ಯಾಗು ಇಳಿಸಿದ ಜೆಟ್ಟಿಯಿಂದ ಊರಿಗೆ ಹೋಗುವ ಕಾಂಕ್ರೀಟ್ ದಾರಿಯಲ್ಲಿ ಒಂದು ಹಾರ್ನ್ ಕೇಳಲಿಲ್ಲ. ಒಂದು ಕಾಲಕ್ಕೆ ಇಲ್ಲಿ ಪ್ಲೈವುಡ್ ಕಾರ್ಖಾನೆ ಇತ್ತು, ಕೆಲಸ ಇತ್ತು. ಈಗ ಇಲ್ಲ. ವಿಚಿತ್ರ ಏನು ಅಂದರೆ, ರಸ್ತೆ ಮುಚ್ಚಿ ಅಂದ 2002ರ ಆ ಆದೇಶದಲ್ಲೇ ಮರ ಕಡಿಯೋದಕ್ಕೂ ಕಡಿವಾಣ ಹಾಕಿದ್ದರು. ದ್ವೀಪಗಳ ಮರದ ಉದ್ಯಮ ಮಂಕಾಯಿತು, ರಸ್ತೆ ಮಾತ್ರ ಹಾಗೇ ಉಳಿಯಿತು.

ನಮ್ಮ ಎರಡು ಸಿಮ್ಮೂ ಇಲ್ಲಿ ಸತ್ತವು. ಚೆನ್ನೈನಿಂದ ಸಮುದ್ರದಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ಪೋರ್ಟ್ ಬ್ಲೇರ್, ಹ್ಯಾವ್‌ಲಾಕ್‌ನಲ್ಲಿ ಇಂಟರ್ನೆಟ್ ಪರವಾಗಿಲ್ಲ. ಇಲ್ಲಿ ನಮಗೆ ಒಂದು ಕಡ್ಡಿಯೂ ಸಿಗಲಿಲ್ಲ. ಮೊದಲ ದಿನ ಇವನು ಹತ್ತು ನಿಮಿಷಕ್ಕೊಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಎರಡನೇ ದಿನ ಲಾಲಾಜಿ ಬೇ ಅನ್ನೋ ಕಡಲತೀರಕ್ಕೆ ಕಾಡಿನಲ್ಲಿ ಎರಡು ಗಂಟೆ ನಡೆದ್ವಿ. ಪಡೌಕ್ ಮರಗಳ ಬೇರು ಗೋಡೆಯ ಹಾಗೆ ಎದ್ದು ನಿಂತಿರುತ್ತೆ, ಅದರ ಮರೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರಿಗೆ ಕಾಣಲ್ಲ. ಬೀಚು ತಲುಪಿದಾಗ ಒಂದು ನರಪಿಳ್ಳೆ ಇಲ್ಲ. ಸ್ವರ್ಗ ಅಂತ ಬರೆಯಬಹುದಿತ್ತು, ಆದರೆ ಮರಳುನೊಣಗಳು ಕಚ್ಚಿದ್ದು ಬೆಂಗಳೂರಿಗೆ ಬಂದಮೇಲೂ ಒಂದು ವಾರ ತುರಿಸುತ್ತಿತ್ತು.

ಅಲ್ಲಿ ಕೂತಾಗ ಇವನು ಹೇಳಿದ, ಕೆಲಸ ಬಿಡಬೇಕು ಅಂತ ಆರು ತಿಂಗಳಿಂದ ಯೋಚನೆ ಮಾಡುತ್ತಿದ್ದೇನೆ ಅಂತ. ಆರು ತಿಂಗಳು! ಒಂದೇ ಮನೆ, ಪಕ್ಕದ ರೂಮು. ನನಗೆ ಸಿಟ್ಟು ಬಂತೋ ಅಯ್ಯೋ ಅನ್ನಿಸಿತೋ ಗೊತ್ತಾಗಲಿಲ್ಲ. 'ಮನೇಲಿ ಯಾಕೆ ಹೇಳಲಿಲ್ಲ?' ಅಂದೆ. 'ಮನೇಲಿ ಎಲ್ಲಿ ಹೇಳೋದು? ಸ್ಟ್ಯಾಂಡಪ್ ಮೀಟಿಂಗ್ ಮುಗಿದ ಮೇಲೆ ಹೇಳೋದಾ?' ಅಂದ. ಹೋಮ್ ಲೋನ್ ಎಷ್ಟು ಉಳಿದಿದೆ, ನನ್ನೊಬ್ಬಳ ಸಂಬಳದಲ್ಲಿ ಎಷ್ಟು ತಿಂಗಳು ನಡೆಯುತ್ತೆ ಅಂತ ಕಡ್ಡಿಯಲ್ಲಿ ಮರಳಿನ ಮೇಲೆ ಲೆಕ್ಕ ಹಾಕಿದ್ವಿ. ಎಕ್ಸೆಲ್ ಇಲ್ಲದ್ದರಿಂದ ಬಡ್ಡಿ ಲೆಕ್ಕ ಎರಡು ಸಲ ತಪ್ಪಿತು. ಡೈವಿಂಗ್ ಕೋರ್ಸಿನಲ್ಲಿದ್ದಿದ್ದರೆ ಈ ಮಾತು ಆಗುತ್ತಿತ್ತೋ ಇಲ್ಲವೋ. ನೀರಿನೊಳಗೆ ಯಾರೂ ಮಾತಾಡಲ್ಲ.

ರಂಗತ್‌ನಿಂದ ದಿಗ್ಲಿಪುರದ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ ಕೂತಿದ್ದರು, ಮಡಿಲಲ್ಲಿ ನಾಲ್ಕು ವರ್ಷದ ಮಗು. ಅವರ ಅಜ್ಜ ರಾಂಚಿ ಕಡೆಯಿಂದ ಕಾಡಿನ ಕೂಲಿಗೆ ಬಂದವರಂತೆ. ಮಗುವಿನ ಕಿವಿ ತೋರಿಸೋಕೆ ಪೋರ್ಟ್ ಬ್ಲೇರ್ ಆಸ್ಪತ್ರೆಗೆ ಹೋಗಿ, ರಂಗತ್‌ನ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಇದ್ದು ವಾಪಸ್ ಹೊರಟಿದ್ದರು. ನಾವು ದೋಣಿಯಲ್ಲಿ ಬಂದ್ವಿ ಅಂದಾಗ ಅವರಿಗೆ ಅರ್ಥವೇ ಆಗಲಿಲ್ಲ. 'ರಸ್ತೆ ಇದೆಯಲ್ಲ?' ಅಂದರು. ನಾನು ಕಾರಣ ಹೇಳಿದೆ. ಅವರು ನಕ್ಕರು, ಕುಹಕ ಏನಿರಲಿಲ್ಲ. 'ನಿಮಗೆ ಟೈಮ್ ಇದೆ. ನನ್ನ ಮಗುವಿಗೆ ರಾತ್ರಿ ಜ್ವರ ಬಂದ್ರೆ ದೋಣಿ ಬರೋ ದಿನ ತನಕ ಕಾಯೋಕಾಗುತ್ತಾ?'

ಹಿಂದಿನ ಸೀಟಿನಲ್ಲಿದ್ದ ಇವನು ಕೇಳಿಸಿಕೊಳ್ಳುತ್ತಿದ್ದ. ಈಗ ತಿರುಗಿಸಿ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ.

ಆ ತಾಯಿಯ ಮಾತು ಪೂರ್ತಿ ಸರಿ. ನನಗೆ ಈಗಲೂ ಅನ್ನಿಸೋದು ಇಷ್ಟು: ಅವರು ಆ ರಸ್ತೆಯಲ್ಲಿ ಹೋಗೋದಕ್ಕೂ, ಗುಹೆ ಜೊತೆ ಮನುಷ್ಯರನ್ನೂ ಸೇರಿಸಿ ಮಾರುವ ಅಂಗಡಿಯಿಂದ ನಾನು ಟಿಕೆಟ್ ಕೊಳ್ಳೋದಕ್ಕೂ ವ್ಯತ್ಯಾಸ ಇದೆ. ಅವರಿಗೆ ಬೇಕಿರೋದು ಹತ್ತಿರದಲ್ಲಿ ಒಳ್ಳೇ ಆಸ್ಪತ್ರೆ, ದಿನಾ ಬರುವ ವೇಗದ ದೋಣಿ. ಅದು ಸಿಗೋ ತನಕ ರಸ್ತೆ ಮುಚ್ಚಿ ಅಂತ ಬೆಂಗಳೂರಿನಲ್ಲಿ ಕೂತು ಹೇಳೋ ಧೈರ್ಯ ನನಗಿಲ್ಲ. ಪ್ರವಾಸಿಗಳ ಗಾಡಿ ಆ ಸಾಲಿನಲ್ಲಿ ಬೇಡ ಅಂತ ಮಾತ್ರ ಹೇಳಬಲ್ಲೆ. ಪ್ರವಾಸಿಗಳು ಸಮುದ್ರದಲ್ಲಿ ಬರಲಿ, ನಿಧಾನ ಆಗಲಿ. ರಜೆ ಹಾಕಿರೋದೇ ಅದಕ್ಕಲ್ವಾ?

ಮಧ್ಯ ಅಂಡಮಾನಿನಿಂದ ಉತ್ತರ ಅಂಡಮಾನಿಗೆ ದಾಟುವ ಕಡೆ ಒಂದು ಸೇತುವೆ ಬರುತ್ತೆ. ಹೆಸರು ಚೆಂಗಪ್ಪ ಸೇತುವೆ. ಕಂಡಕ್ಟರ್ ಹೆಸರು ಹೇಳಿದ್ದೇ ತಡ, ಕುಶಾಲನಗರದ ನಮ್ಮವನು ಎದ್ದು ನಿಂತ. ಬಸ್ಸಿನ ಅರ್ಧ ಜನಕ್ಕೆ ಅದು ಕೊಡಗಿನ ಹೆಸರು ಅಂತ ಹಿಂದಿಯಲ್ಲಿ ವಿವರಿಸಿದ. ಹದಿನೇಳು ದಿನದಲ್ಲಿ ಇವನು ಅಷ್ಟು ಖುಷಿಯಾಗಿದ್ದನ್ನ ನಾನು ನೋಡಲಿಲ್ಲ.

ದಿಗ್ಲಿಪುರದಲ್ಲಿ ಹೊಸ ವರ್ಷ. ಏರಿಯಲ್ ಬೇ ಜೆಟ್ಟಿಯಿಂದ ಅರಣ್ಯ ಇಲಾಖೆಯ ಪರವಾನಗಿ ಮಾಡಿಸಿ ರಾಸ್ ಮತ್ತು ಸ್ಮಿತ್ ಅನ್ನೋ ಜೋಡಿ ದ್ವೀಪಕ್ಕೆ ಹೋಗಬೇಕು. ಎರಡರ ನಡುವೆ ಬಿಳಿ ಮರಳಿನ ಪಟ್ಟಿ, ನೀರು ಇಳಿದಾಗ ನಡೆದು ದಾಟಬಹುದು. ಅಮಾವಾಸ್ಯೆಯ ಆಸುಪಾಸು ಆದ್ದರಿಂದ ಉಬ್ಬರ ಜೋರಾಗಿತ್ತು. ನಾವು ಹೋದಾಗ ಪಟ್ಟಿಯ ಮೇಲೆ ಮೊಣಕಾಲುದ್ದ ನೀರು. ಮಧ್ಯಾಹ್ನದ ಹೊತ್ತಿಗೆ ಮರಳು ನಿಧಾನಕ್ಕೆ ಎದ್ದು ಕಂಡಿತು. ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ, ಹಾಗಾಗಿ 'ಹತ್ತು ಗಂಟೆಗೆ ಹೋಗಿ' ಅಂತ ಯಾರೋ ರಿವ್ಯೂ ಬರೆದಿದ್ದರೆ ನಂಬಬೇಡಿ. ಜೆಟ್ಟಿಯಲ್ಲಿ ಆವತ್ತಿನ ಲೆಕ್ಕ ಕೇಳಿ.

ಕಾಲಿಪುರದಲ್ಲಿ ಆಮೆಗಳು ಮೊಟ್ಟೆ ಇಡೋದು ಇದೇ ಚಳಿಗಾಲದಲ್ಲಿ. ಎರಡು ರಾತ್ರಿ ಕಾದರೂ ನಮಗೆ ಆಮೆ ಕಾಣಲಿಲ್ಲ. ಟ್ರ್ಯಾಕ್ಟರ್ ಹೋದ ಹಾಗಿದ್ದ ಅದರ ಗುರುತು ಕಂಡಿತು, ಹ್ಯಾಚರಿಯಲ್ಲಿ ಒಂದೊಂದು ಗುಂಡಿಗೂ ಚುಚ್ಚಿದ ತಾರೀಖಿನ ಪಟ್ಟಿ ಕಂಡಿತು. ಒಂದು ಗೂಡಿನಲ್ಲಿ ನೂರರ ಹತ್ತಿರ ಮೊಟ್ಟೆ ಇರುತ್ತಂತೆ. 732 ಮೀಟರ್ ಎತ್ತರದ ಸ್ಯಾಡಲ್ ಪೀಕ್ ಹತ್ತಬೇಕು ಅಂತಿತ್ತು, ಮಳೆ ಬಂದು ಹತ್ತಲಿಲ್ಲ. ಶೀಟಿನಲ್ಲಿ ಮಳೆಗೆ ಅಂತ ಬರೆದಿದ್ದ ಪರ್ಯಾಯ: 'ಮಲಗುವುದು'. ಅದನ್ನ ಚಾಚೂ ತಪ್ಪದೆ ಪಾಲಿಸಿದ್ವಿ.

ಹೋಗುವವರು ಕೇಳುತ್ತೀರಿ, ಅದಕ್ಕೇ ಹೇಳಿಬಿಡುತ್ತೇನೆ. ವಿಮಾನ ಬಿಟ್ಟು ಇಬ್ಬರಿಗೂ ಸೇರಿ ನಮಗೆ 58 ಸಾವಿರ ಖರ್ಚಾಯಿತು. ಸರಕಾರಿ ದೋಣಿಯ ಟಿಕೆಟ್ ಖಾಸಗಿ ಹಡಗಿಗಿಂತ ತುಂಬಾ ಕಡಿಮೆ, ಆದರೆ ಡಿಸೆಂಬರ್ ಕೊನೆಯ ವಾರ ಸೀಟಿಗೆ ಪರದಾಟ. ಗುರುತಿನ ಚೀಟಿ ಯಾವಾಗಲೂ ಕೈಯಲ್ಲಿರಲಿ. ಉತ್ತರಕ್ಕೆ ಹೊರಡುವ ಮೊದಲು ನಗದು ತೆಗೆದಿಟ್ಟುಕೊಳ್ಳಿ, ಸ್ಕ್ಯಾನರ್ ಬೋರ್ಡ್ ಇದ್ದರೂ ನೆಟ್‌ವರ್ಕ್ ಇರಲ್ಲ. ಹವಳ, ಕಪ್ಪೆಚಿಪ್ಪು ಒಂದೂ ಬ್ಯಾಗಿಗೆ ಹಾಕಬೇಡಿ, ಏರ್‌ಪೋರ್ಟಿನಲ್ಲಿ ತಪಾಸಣೆ ಇದೆ, ಕಾನೂನೂ ಇದೆ. ವಾಪಸ್ ವಿಮಾನಕ್ಕೆ ಮುಂಚೆ ಒಂದು ಇಡೀ ದಿನ ಖಾಲಿ ಇಡಿ, ಯಾಕಂದರೆ ಸಮುದ್ರ ಕೆಟ್ಟರೆ ದೋಣಿ ಹೊರಡಲ್ಲ. ಮತ್ತೆ, ಪುಳಿಯೋಗರೆ ಗೊಜ್ಜು ಎರಡು ಡಬ್ಬಿ ಬೇಕು.

ಇವನು ಕೆಲಸ ಇನ್ನೂ ಬಿಟ್ಟಿಲ್ಲ, ಮಾರ್ಚ್ ಬೋನಸ್ ನೋಡಿ ಅಂತಿದ್ದಾನೆ. ಗುಹೆ ನೋಡದೇ ಬಂದಿದ್ದು ನಷ್ಟ ಅಂತ ಇವತ್ತಿಗೂ ಹೇಳುತ್ತಾನೆ. ನಾನೂ ನನ್ನ ಮಾತು ಬಿಟ್ಟಿಲ್ಲ. ಮೊನ್ನೆ ಭಾನುವಾರ ಹೊಸ ಶೀಟ್ ತೆರೆದು ಲಿಟಲ್ ಅಂಡಮಾನಿನ ಹಟ್ ಬೇಗೆ ಹಡಗು ಯಾವ್ಯಾವ ದಿನ ಇದೆ ಅಂತ ಹುಡುಕುತ್ತಿದ್ದ. ನಾನು ಅವನಿಗಿಂತ ಮೊದಲು ಒಳಗೆ ಹೋಗಿ ನಾಲ್ಕು ದಿನ ಡೈವಿಂಗ್ ಅಂತ ಬರೆದು, ಆ ಸೆಲ್‌ಗಳನ್ನು ಲಾಕ್ ಮಾಡಿಟ್ಟಿದ್ದೇನೆ. ಪಾಸ್‌ವರ್ಡ್ ಕೇಳಿದ್ದಾನೆ. ಕೊಟ್ಟಿಲ್ಲ.